ಕಣ್ಣಿಗೆ ಕಾಣದ ಕೂಲಿ

ಯಾಕೋಬನ ಪತ್ರಿಕೆ 5:4 ತೆಗೆಯಿರಿ. ಹೊಲದಲ್ಲಿ ದುಡಿದವರಿಗೆ ಕೊಡದೆ ಇಟ್ಟುಕೊಂಡ ಕೂಲಿ ಸುಮ್ಮನೆ ಇರಲ್ಲ, ಅದರ ಕೂಗು ದೇವರ ಕಿವಿಗೆ ಬೀಳುತ್ತೆ ಅಂತ ಯಾಕೋಬ ಎಚ್ಚರಿಸ್ತಾನೆ.

ನಾನು ಔರಾದ್ ಕಡೆಯ ಎಕಂಬಾದವನು. ನಮ್ಮಲ್ಲಿ ಕಳೆ ತೆಗೆಯೋಕೆ ಬಂದ ಅವ್ವಂದಿರು ಕೂಲಿ ಎಣಿಸಿಕೊಂಡೇ ಮನೆಗೆ ಹೋಗ್ತಾರೆ. ಹತ್ತು ರೂಪಾಯಿ ಕಮ್ಮಿಯಾದ್ರೂ ಅಲ್ಲೇ ಕೇಳ್ತಾರೆ. ಪಿಎಫ್ ಹಂಗಲ್ಲ. ಪೇಸ್ಲಿಪ್‌ನಲ್ಲಿ ಕಡಿದಿರ್ತಾರೆ, ಆದ್ರೆ ಕಟ್ಟಿದ್ದಾರಾ ಅಂತ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ನಿಮ್ಮಲ್ಲಿ ಕೆಲವರು ಎಚ್‌ಆರ್, ಪೇರೋಲ್ ನೋಡ್ಕೊಳ್ತೀರಿ. "ಈ ತಿಂಗಳು ಕೈಯಲ್ಲಿ ದುಡ್ಡಿಲ್ಲ, ಪಿಎಫ್ ಆಮೇಲೆ ಕಟ್ಟೋಣ" ಅಂತ ಬಾಸ್ ಹೇಳಬಹುದು. ಆದರೆ ಸಂಬಳದಿಂದ ಕಡಿದ ಶೇ. 12 ಕಂಪನಿಯ ದುಡ್ಡಲ್ಲ. ಕಂಪನಿ ಸೇರಿಸಬೇಕಾದ ಶೇ. 12 ಕೂಡ ದಾನವಲ್ಲ, ದುಡಿದವರ ಹಕ್ಕು. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳದಿಂದ ಕಡಿದು ಕಟ್ಟದಿದ್ರೆ ಕಾನೂನಿನಲ್ಲೂ ಅದು ನಂಬಿಕೆದ್ರೋಹವೇ.

2016ರ ಏಪ್ರಿಲ್ ನೆನಪಿದೆಯಾ? ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅನ್ನೋ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಅಕ್ಕಂದಿರು ರಸ್ತೆಗಿಳಿದ್ರು. 19ನೇ ತಾರೀಕು ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ಎಕ್ಸೆಲ್‌ನಲ್ಲಿ ನಿಮಗೆ ಒಂದು ಸಾಲಾಗಿ ಕಾಣೋದು ಅವರಿಗೆ ಮಗಳ ಫೀಸು, ಕೆಲಸ ಬಿಟ್ಟಾಗಿನ ಬಾಡಿಗೆ.

ಹಾಗಾದ್ರೆ ಬಾಸ್‌ಗೆ ಏನು ಹೇಳೋದು? ದಾನಿಯೇಲನನ್ನು ನೋಡಿ. ಅವನು ಬರೀ "ಆಗಲ್ಲ" ಅನ್ನಲಿಲ್ಲ. ಮರ್ಯಾದೆಯಿಂದ ಬೇರೆ ದಾರಿ ತೋರಿಸಿ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂದ. ನೀವೂ ಯಾವ ಖರ್ಚು ಮುಂದೆ ಹಾಕಬಹುದು ಅಂತ ಪಟ್ಟಿ ಕೊಡಿ. ತಡವಾದ್ರೆ ಬೀಳೋ ಬಡ್ಡಿ, ದಂಡದ ಲೆಕ್ಕ ತೋರಿಸಿ. ಇಮೇಲ್‌ನಲ್ಲೇ ಬರೆಯಿರಿ. ಸುಳ್ಳು ಲೆಕ್ಕಕ್ಕೆ ಮಾತ್ರ ಸಹಿ ಹಾಕಬೇಡಿ.

ಇದರಿಂದ ಕೆಲಸ ಹೋಗಬಹುದು. ಇಎಂಐ ಇದೆ, ಊರಿಗೆ ದುಡ್ಡು ಕಳಿಸಬೇಕು, ನನಗೆ ಗೊತ್ತು. ಅಂಥ ದಿನ ಬಂದ್ರೆ ಒಬ್ಬರೇ ಹೊರಬೇಡಿ, ಸಭೆಗೆ ಹೇಳಿ. ಸಭೆ ಇರೋದೇ ಅದಕ್ಕೆ.

ಈ ವಾರ ನಿಮ್ಮ ಆಫೀಸ್ ಗುಡಿಸೋ ಅಕ್ಕ, ಸೆಕ್ಯುರಿಟಿ ಅಣ್ಣ, ಇಬ್ಬರನ್ನೂ ಕೇಳಿ, ಅವರ ಪಿಎಫ್ ಪಾಸ್‌ಬುಕ್ ಮೊಬೈಲ್‌ನಲ್ಲಿ ತೆಗೆದು ತೋರಿಸಿ. ಆರಾಧನೆಯಲ್ಲಿ ಎತ್ತೋ ಕೈ ಯಾರ ಕೂಲಿಯನ್ನೂ ಹಿಡಿದಿರಬಾರದು. ಆಮೆನ್ ಹೇಳ್ತೀರಾ? ಪ್ರಾರ್ಥಿಸೋಣ.