ಬರೆದುಕೊಡುತ್ತೀರಾ?

ಹೋದ ಭಾನುವಾರ ಸಂಜೆ ನಾನು ಉನ್ನತ ಶಿಕ್ಷಣದ ವಿಚಾರವಾಗಿ ನಡೆದ ಸಭೆಯೊಂದರಲ್ಲಿ ಭಾಷಣಗಳನ್ನು ಕೇಳಿ, ಚಾಮರಾಜಪೇಟೆಯ ನಮ್ಮ ಮನೆಗೆ ಹಿಂದಿರುಗಿದಾಗ ಜಗಲಿಯ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬಳು ನನ್ನ ವಿದ್ಯಾರ್ಥಿನಿ. ಈ ವರ್ಷ ಬಿ.ಎ. ಮುಗಿಸಿದವಳು. ಇನ್ನೊಬ್ಬರು ಅವಳ ತಾಯಿ. ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಇವಳು ಎಂ.ಎ. ಓದಬೇಕೆಂದು ಮೂರು ತಿಂಗಳಿಂದ ಬೆನ್ನುಹತ್ತಿದವನು ನಾನೇ. ತಾಯಿ ಬಂದದ್ದು ಅದಕ್ಕೇ ಇರಬೇಕೆಂದು, ಸಭೆಯಲ್ಲಿ ಕೇಳಿದ್ದ ಮಾತುಗಳನ್ನೇ ಇನ್ನೂ ಬಿಸಿ ಆರುವ ಮೊದಲೇ ಬಡಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು:

“ಎರಡು ವರ್ಷ ಓದಿದ್ರೆ ಇವಳಿಗೆ ಕೆಲಸ ಸಿಕ್ತದೆ ಅಂತ ನೀವು ಬರ್ಕೊಡ್ತೀರಾ, ಮೇಷ್ಟ್ರೇ?”

ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ ಹುಡುಗಿಗೆ ಗೊತ್ತಾಗಿದೆಯಂತೆ. ಒಂದನೆಯ ತಾರೀಖಿನಿಂದ ಬರಹೇಳಿದ್ದಾರೆ.

ನನ್ನ ಬಾಯಿ ಕಟ್ಟಿತು. ಬರೆದುಕೊಡಲಾರೆನೆಂಬುದು ನನಗೂ ಗೊತ್ತು, ಆಕೆಗೂ ಗೊತ್ತು. ನಾಡಿನ ಸರಕಾರಿ ಕಾಲೇಜುಗಳಲ್ಲಿ ಎಂ.ಎ. ಮಾಡಿ, ಅದರ ಮೇಲೆ ನೆಟ್ಟೋ ಕೆ-ಸೆಟ್ಟೋ ಗೆದ್ದು, ಕೆಲವರು ಪಿಎಚ್.ಡಿ.ಯನ್ನೂ ಮುಗಿಸಿ, ‘ಅತಿಥಿ ಉಪನ್ಯಾಸಕ’ರೆಂಬ ಹೆಸರಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವವರನ್ನು ದಿನವೂ ಕಾಣುತ್ತೇನೆ. (ಅತಿಥಿಯನ್ನು ದೇವರೆಂದ ನಾಡಿನಲ್ಲಿ ಈ ಹೆಸರನ್ನು ಹುಡುಕಿದವರು ಹಾಸ್ಯಗಾರರೇ ಇರಬೇಕು.) ತಿಂಗಳ ಕೊನೆಗೆ ಸಂಬಳ ತಪ್ಪದೆ ಬರುವ ನಾನು ಆಕೆಗೆ ಜ್ಞಾನದ ಮಹಿಮೆಯನ್ನು ಬಣ್ಣಿಸುವಾಗ ಖರ್ಚಾಗುತ್ತಿದ್ದುದು ಯಾರ ಗಂಟು?

ನಮ್ಮಲ್ಲಿ ಓದಿಗೆ ನೆರವಾಗುವುದನ್ನು ಬಹುಕಾಲದಿಂದ ದಾನವೆಂದು ಕರೆದಿದ್ದೇವೆ. ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ವಾರಾನ್ನದ ಪದ್ಧತಿಯಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹೀಗೆ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ಕೇಳಿ ನಾವು ಬೆಳೆದೆವು. ಆ ಗೃಹಿಣಿಯರ ಔದಾರ್ಯವನ್ನು ನಾನು ಕಡೆಗಣಿಸಲಾರೆ. ಆದರೆ ಆ ಬಾಗಿಲುಗಳು ಬಹುಮಟ್ಟಿಗೆ ತೆರೆದದ್ದು ತಮ್ಮವರ ಮಕ್ಕಳಿಗೆ. ಹೂ ಮಾರುವವರ, ಚರ್ಮ ಹದಮಾಡುವವರ ಮಕ್ಕಳು ಆ ಬಾಗಿಲನ್ನು ತಟ್ಟುವಂತೆಯೇ ಇರಲಿಲ್ಲ. ದಾನದ ಗುಣವೇ ಇದು. ಪಾತ್ರರಾರೆಂಬುದನ್ನು ನಿರ್ಧರಿಸುವುದು ಕೊಡುವ ಕೈ.

ಮೈಸೂರು ಸಂಸ್ಥಾನ ಈ ಮಾತನ್ನು ಬೇಗ ಕಂಡುಕೊಂಡಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಲ್ಲಬೇಕೆಂದು ಸಮಿತಿ 1919ರಲ್ಲಿ ಹೇಳಿತು. ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಮಾತೂ ಇತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಿರಲಿಲ್ಲ. ಯೋಗ್ಯತೆಗೆ ಕುಂದು ಬಂದೀತೆಂಬುದು ಅವರ ಅಂಜಿಕೆ. ಅವರನ್ನು ಕುರಿತು ನನಗಿರುವ ಗೌರವ ಕಡಮೆಯದಲ್ಲ. ಆದರೂ ಒಂದು ಸಂಗತಿಯನ್ನು ನೆನೆಯದಿರಲಾರೆ. ಬಡ ಹುಡುಗನಾಗಿ ಇದೇ ಊರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಆದ ಅವರು ಎಂಜಿನಿಯರಿಂಗಿಗೆ ಪುಣೆಗೆ ಹೋದದ್ದು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ. ಯೋಗ್ಯತೆ ಅವರದು, ಸಂದೇಹವಿಲ್ಲ. ಅದಕ್ಕೆ ಹಾದಿಯ ಖರ್ಚು ಬೇಕಾಗಿತ್ತು, ಅಷ್ಟೆ.

ಇದಾದ ಮೇಲೆ 1962ರಲ್ಲಿ ಮೈಸೂರು ರಾಜ್ಯ ನೂರಕ್ಕೆ 68 ಸ್ಥಾನಗಳನ್ನು ಕಾದಿರಿಸಿದ್ದು, ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು, 1975ರಲ್ಲಿ ಹಾವನೂರು ಆಯೋಗದ ವರದಿ ಬಂದದ್ದು ಓದುಗರಿಗೆ ತಿಳಿದೇ ಇದೆ. ಈ ಜಗ್ಗಾಟದಿಂದ ಬಾಗಿಲು ತೆರೆದದ್ದು ನಿಜ. ಮಾಗಡಿ ಕಡೆಯ ಮಂಚನಬೆಲೆಯಿಂದ ಬಂದು, ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳನ್ನು ಕುರಿತು ಪಿಎಚ್.ಡಿ. ಮಾಡಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರ ‘ಊರು ಕೇರಿ’ಯನ್ನು ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನ ಮಕ್ಕಳು ಮುಂದಕ್ಕೆ ಬಾಗುತ್ತಾರೆ.

ಆದರೆ ತೆರೆದ ಬಾಗಿಲು ಎಲ್ಲಿದೆಯೆಂದು ಗೊತ್ತಾಗಬೇಕಲ್ಲ. ಓದಿದವರ ಮನೆಯಲ್ಲಿ ಮಗು ಊಟದ ಹೊತ್ತಿಗೇ ಕಲಿಯುವ ಸಂಗತಿಗಳಿವೆ: ಅರ್ಜಿ ಯಾವಾಗ ಕರೆಯುತ್ತಾರೆ, ಜೆ.ಆರ್.ಎಫ್. ಎಂದರೇನು, ಮಾರ್ಗದರ್ಶಕರನ್ನು ಹೇಗೆ ಕಾಣಬೇಕು. ನನ್ನ ವಿದ್ಯಾರ್ಥಿನಿಗೆ ಜಾತಿ, ಆದಾಯದ ಪ್ರಮಾಣಪತ್ರ ತರಲು ತಾಯಿ ವ್ಯಾಪಾರ ಬಿಟ್ಟು ನಿಲ್ಲಬೇಕು. ಇಷ್ಟನ್ನು ಹೇಳಿಕೊಡುವುದು ಮೇಷ್ಟರ ಉಪಕಾರವಲ್ಲ. ಹಿರಿಯರು ಋಷಿಋಣವೆಂದರು, ಕಲಿತದ್ದನ್ನು ಕಲಿಸಿ ತೀರಿಸುವ ಸಾಲ. ಈ ಮಾತು ನನಗೆ ಬಹಳ ಹಿಡಿಸುತ್ತಿತ್ತು. ಭಾನುವಾರದಿಂದ ಅದರಲ್ಲಿ ಒಂದು ಮುಳ್ಳು ಕಾಣುತ್ತಿದೆ. ನನ್ನ ಸಾಲವನ್ನು ನಾನು ತೀರಿಸುತ್ತಿರುವುದು ಆ ತಾಯಿಯ ಎರಡು ವರ್ಷದ ದುಡಿಮೆಯಿಂದ. ಹುಡುಗಿಗೋ ಋಷಿಋಣಕ್ಕಿಂತ ಮೊದಲು ಹೆತ್ತವಳ ಋಣ ಎದುರಿಗೆ ನಿಂತಿದೆ.

ಹಾಗಾದರೆ ಸುಮ್ಮನಿರುವುದು ಮೇಲೇ? ನಾನು ಅದನ್ನೂ ಮಾಡಿ ನೋಡಿದ್ದೇನೆ. ಹನ್ನೊಂದು ವರ್ಷದ ಹಿಂದೆ ಹಳಗನ್ನಡವನ್ನು ನನಗಿಂತ ಚೆನ್ನಾಗಿ ಬಿಡಿಸುತ್ತಿದ್ದ ಹುಡುಗನೊಬ್ಬನಿಗೆ, ಅವನ ಮನೆಯ ಸ್ಥಿತಿ ಬಲ್ಲವನಾಗಿ, “ಮೊದಲು ಒಂದು ಕೆಲಸ ನೋಡಿಕೋಪ್ಪ” ಎಂದೆ. ಅದೇ ವಾರ, ಅವನಷ್ಟು ಚುರುಕಲ್ಲದ, ಉಳ್ಳವರ ಮನೆಯ ಹುಡುಗನಿಗೆ ಎಂ.ಎ.ಗೆ ಶಿಫಾರಸು ಪತ್ರ ಬರೆದೆ. ಎರಡೂ ವ್ಯವಹಾರಜ್ಞಾನವೆಂದೇ ಆಗ ತೋರಿತು. ಆ ಮೊದಲನೆಯವನು ಈಗ ನಮ್ಮ ಬಡಾವಣೆಗೆ ಕೊರಿಯರು ತರುತ್ತಾನೆ, ಕಂಡಾಗಲೆಲ್ಲ ನಮಸ್ಕರಿಸುತ್ತಾನೆ. ನಾನು ಸಹಿ ಹಾಕಿ ಒಳಗೆ ಬರುತ್ತೇನೆ. ಅವನು ಒಂದು ದಿನವೂ ದೂರಿಲ್ಲ. ಕನಿಕರದಿಂದ ಅವನ ಬದಲು ನಾನು ನಿರ್ಧರಿಸಿಬಿಟ್ಟೆ. ಉತ್ಸಾಹದಿಂದ ಈ ಹುಡುಗಿಯ ಬದಲೂ ಹಾಗೆಯೇ ಮಾಡಹೊರಟಿದ್ದೆ.

ಕೊನೆಗೆ ಒಂದು ಹಾಳೆ ತೆಗೆದುಕೊಂಡೆ. ಮಾತು ಕೊಡುವುದನ್ನು ಬಿಟ್ಟು, ತಿಳಿದದ್ದನ್ನು ಬರೆದೆ: ಶುಲ್ಕವೆಷ್ಟು, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಅದು ಎಷ್ಟು ತಡವಾಗಿ ಬರುತ್ತದೆ, ಎಂ.ಎ. ಆದವರು ಏನೇನು ಕೆಲಸದಲ್ಲಿದ್ದಾರೆ, ಅತಿಥಿ ಉಪನ್ಯಾಸಕರ ಪಾಡೇನು, ಅಂಗಡಿಯ ಸಂಬಳ ಎರಡು ವರ್ಷಕ್ಕೆ ಎಷ್ಟಾಗುತ್ತದೆ. ಮೊದಲ ವರ್ಷದ ಶುಲ್ಕ ನನ್ನದೆಂದೂ, ಅದನ್ನು ಹಿಂದಿರುಗಿಸಬೇಕಾಗಿಲ್ಲವೆಂದೂ, ಓದನ್ನು ನಡುವೆ ಬಿಟ್ಟರೂ ಕೇಳುವುದಿಲ್ಲವೆಂದೂ ಕೆಳಗೆ ಬರೆದು ರುಜು ಹಾಕಿದೆ.

ತಾಯಿಗೆ ಓದು ಬಾರದು. ಮಗಳ ಕೈಲಿ ಓದಿಸಿದರು. ಅತಿಥಿ ಉಪನ್ಯಾಸಕರ ಭಾಗವನ್ನು ಎರಡು ಸಲ ಓದಿಸಿದರು. ಹಾಳೆಯನ್ನು ನಾಲ್ಕಾಗಿ ಮಡಿಸಿ ಸೊಂಟದ ಚೀಲದಲ್ಲಿಟ್ಟುಕೊಂಡು, “ಮನೇಲಿ ಕೇಳ್ತೀನಿ, ಮೇಷ್ಟ್ರೇ” ಎಂದು ಎದ್ದರು. ಹುಡುಗಿ ಒಂದು ಮಾತೂ ಆಡಲಿಲ್ಲ.

ಅರ್ಜಿ ಹಾಕಲು ಇನ್ನು ಆರು ದಿನವಿದೆ.