ಲ್ವಾರ್ ತೀರದ ಅರಮನೆಗಳೂ ನೋಡುವವನ ಧರ್ಮವೂ

ಫ್ರಾನ್ಸ್ ದೇಶದ ನದಿಗಳಲ್ಲೆಲ್ಲ ದೀರ್ಘವಾದುದು ಲ್ವಾರ್. ಸುಮಾರು 1,000 ಕಿಲೋಮೀಟರು ಹರಿದು ಅಟ್ಲಾಂಟಿಕ್ ಸಮುದ್ರವನ್ನು ಸೇರುವ ಈ ನದಿಯು ತನ್ನ ನಡುದಾರಿಯಲ್ಲಿ ಅವಸರವನ್ನು ತೊರೆದು, ಮರಳದಿಣ್ಣೆಗಳನ್ನು ಬಳಸಿಕೊಂಡು, ದ್ರಾಕ್ಷಿತೋಟಗಳ ನಡುವೆ ಮೆಲ್ಲನೆ ಸಾಗುತ್ತದೆ. ಅಲ್ಲಿ ಅದರ ದಡದಲ್ಲಿಯೂ, ಅದನ್ನು ಕೂಡುವ ಶೇರ್, ಆಂದ್ರ್ ಮೊದಲಾದ ಉಪನದಿಗಳ ದಡದಲ್ಲಿಯೂ, ಹದಿನೈದು ಹದಿನಾರನೆಯ ಶತಮಾನಗಳ ರಾಜರೂ ರಾಜಾಧಿಕಾರಿಗಳೂ ಕಟ್ಟಿಸಿದ ಅರಮನೆಗಳು ನಿಂತಿವೆ. ಈ ಕಣಿವೆಯ ಸುಮಾರು 280 ಕಿಲೋಮೀಟರು ಉದ್ದದ ಭಾಗವನ್ನು 2000ನೆಯ ಇಸವಿಯಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು. ಬಿಳಿಯ ಕಲ್ಲಿನ ಗೋಡೆ, ನೀಲಿಗಪ್ಪಿನ ಮಾಡು, ಕೆಳಗೆ ನೀರಿನಲ್ಲಿ ಅವುಗಳ ನೆರಳು: ಇವನ್ನು ಕಂಡವನು ಒಂದು ಕ್ಷಣ ಮಾತು ಮರೆಯುವುದು ಸಹಜವೇ ಆಗಿದೆ.

ಆ ಮೌನವು ಕಳೆದ ಬಳಿಕ ಒಂದು ಸಂಶಯವು ಹುಟ್ಟಬೇಕು. ಈ ಗೋಡೆಗಳ ಒಳಗೆ ನಡೆದುದು ಏನು? ಅದನ್ನು ತಿಳಿದ ಮೇಲೆ ಇವುಗಳ ಚೆಲುವಿನಲ್ಲಿ ಸಂತೋಷಪಡುವುದು ನ್ಯಾಯವೇ?

ಆಂಬ್ವಾಜ್ ಅರಮನೆಯನ್ನು ತೆಗೆದುಕೊಳ್ಳೋಣ. ನದಿಯ ಮೇಲಣ ಎತ್ತರದಲ್ಲಿ ಅದು ನಿಂತಿದೆ. ಅದರ ಉಪ್ಪರಿಗೆಯಿಂದ ಕಾಣುವ ನದೀದೃಶ್ಯವು ಮನೋಹರವಾದುದು. 1560ರ ಮಾರ್ಚಿಯಲ್ಲಿ, ಹದಿನಾರು ವರ್ಷದ ಅರಸು ಎರಡನೆಯ ಫ್ರಾನ್ಸಿಸನನ್ನು ಗೀಜ್ ಮನೆತನದವರ ಹಿಡಿತದಿಂದ ಬಿಡಿಸಬೇಕೆಂದು ಕೆಲವರು ಹೂಡಿದ ಸಂಚು ಬಯಲಾಯಿತು. ಅವರಲ್ಲಿ ಬಹುಮಂದಿ ಪ್ರಾಟೆಸ್ಟಂಟ್ ಮತದವರು. ನೂರಾರು ಜನರನ್ನು ಕೊಲ್ಲಿಸಿ, ಕೆಲವರ ದೇಹಗಳನ್ನು ಅದೇ ಉಪ್ಪರಿಗೆಯ ಕಂಬಿಗಳಿಗೆ ತೂಗುಹಾಕಿದರು. ಇಂದು ಪ್ರವಾಸಿಯು ಒರಗಿ ನಿಂತು ನದಿಯನ್ನು ನೋಡುವ ಸ್ಥಳವೂ ಅದೇ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಹಂಸವು ನೀರನ್ನು ಬಿಟ್ಟು ಹಾಲನ್ನು ಹೀರುವಂತೆ ರಸಿಕನು ಗುಣವನ್ನು ಗ್ರಹಿಸಿ ದೋಷವನ್ನು ಬಿಡಬೇಕು. ಕಲ್ಲು ಪಾಪ ಮಾಡಲಿಲ್ಲ, ಪಾಪ ಮಾಡಿದವರು ಮಣ್ಣಾದರು, ಇನ್ನು ಉಳಿದಿರುವುದು ಚೆಲುವೊಂದೇ ಎಂದು. ಈ ಮಾತು ಕೇಳುವುದಕ್ಕೆ ಹಿತವಾಗಿದೆ. ಆದರೆ ಹಂಸಕ್ಷೀರನ್ಯಾಯವು ಸಲ್ಲುವುದು ಎರಡು ವಸ್ತುಗಳು ಬೇರೆ ಬೇರೆಯಾಗಿದ್ದು ಮೇಲೆ ಬೆರೆತಿರುವಲ್ಲಿ ಮಾತ್ರ. ಇಲ್ಲಿ ಅವು ಹಾಗೆ ಬೇರೆಯೇ? ಎತ್ತರದ ಸ್ಥಾನವನ್ನು ಆರಿಸಿದುದು ನದಿಯನ್ನೂ ಪ್ರಜೆಯನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ದೇಹಗಳನ್ನು ಅಲ್ಲಿ ತೂಗುಹಾಕಿದುದೂ ಅದು ಎಲ್ಲರಿಗೂ ಕಾಣುವ ಸ್ಥಳವೆಂದೇ. ದೃಶ್ಯದ ಗುಣವೇ ದಂಡನೆಗೆ ಸಾಧನವಾಯಿತು.

ಹಣದ ವಿಷಯವೂ ಹೀಗೆಯೇ. ಆಜ಼ೇ-ಲ-ರಿದೋ ಎಂಬ ಸುಂದರವಾದ ಸೌಧವನ್ನು ಕಟ್ಟಿಸಿದ ಜಿಲ್ ಬೆರ್ತಲೋ ರಾಜನ ಬೊಕ್ಕಸದ ಅಧಿಕಾರಿ. ಲೆಕ್ಕದ ವಿಚಾರಣೆಗಳು ನಡೆದು, 1527ರಲ್ಲಿ ಅವನ ಮೇಲಧಿಕಾರಿಯೊಬ್ಬನಿಗೆ ಗಲ್ಲಾದಾಗ ಬೆರ್ತಲೋ ಓಡಿಹೋದನು. ಸೌಧವು ರಾಜನ ವಶವಾಯಿತು. ಆ ರಾಜ್ಯದಲ್ಲಿ ತಾಯ್ ಎಂಬ ಕಂದಾಯದ ಹೊರೆಯು ಕುಲೀನರಿಗೂ ಪಾದ್ರಿಗಳಿಗೂ ಇಲ್ಲದೆ, ಉತ್ತು ಬಿತ್ತುವವರ ಮೇಲೆ ಬೀಳುತ್ತಿತ್ತೆಂಬುದನ್ನು ನೆನೆದರೆ, ಯಾರ ಬೆವರು ಯಾರ ಗೋಪುರವಾಯಿತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. 1519ರಲ್ಲಿ ಮೊದಲನೆಯ ಫ್ರಾನ್ಸಿಸನು ಆರಂಭಿಸಿದ ಶಾಂಬೋರ್ ಇನ್ನೊಂದು ದೃಷ್ಟಾಂತ. ಅವನು ಯುದ್ಧದಲ್ಲಿ ಸೆರೆಸಿಕ್ಕಿ, ತನ್ನ ಬಿಡುಗಡೆಗಾಗಿ ಇಬ್ಬರು ಎಳೆಯ ಮಕ್ಕಳನ್ನು 1526ರಲ್ಲಿ ಸ್ಪೇನಿಗೆ ಒತ್ತೆಯಾಗಿ ಕಳುಹಿಸಿದನು. ಆ ಮಕ್ಕಳು 1530ರವರೆಗೆ ಸೆರೆಯಲ್ಲಿದ್ದಾಗಲೇ ಇತ್ತ ನಿಂತಿದ್ದ ಕಟ್ಟಡದ ಕೆಲಸವು ಮತ್ತೆ ಸಾಗಿತು. ಮೂವತ್ತೆರಡು ವರ್ಷಗಳ ಆಳ್ವಿಕೆಯಲ್ಲಿ ಅವನು ಅಲ್ಲಿ ತಂಗಿದ ದಿನಗಳನ್ನೆಲ್ಲ ಕೂಡಿದರೆ ಕೆಲವು ವಾರಗಳಷ್ಟೇ ಆಗುತ್ತವೆ.

ಹಾಗಾದರೆ ಇಂಥ ಸೌಧಗಳನ್ನು ನೋಡದಿರುವುದೇ ಧರ್ಮವೆಂದು ಎರಡನೆಯ ವಾದಿಯು ಹೇಳಬಹುದು. ಪಾಪದ ಫಲವನ್ನು ಭೋಗಿಸುವವನು ಪಾಪದಲ್ಲಿ ಭಾಗಿಯೆಂಬುದು ಅವನ ಮತ. ಈ ಪಕ್ಷವು ಮೊದಲನೆಯದಕ್ಕಿಂತ ಗಂಭೀರವಾದುದು, ಆದರೂ ಒಪ್ಪತಕ್ಕುದಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಅರಮನೆಯ ಚೆಲುವು ಅರಸನದೆಂದು ಈ ವಾದಿಯೂ ಒಪ್ಪಿಬಿಟ್ಟಿದ್ದಾನೆ. ಅದು ಸರಿಯಲ್ಲ. ಅರಸನು ಆಜ್ಞಾಪಿಸಿದನು, ಹಣ ಸುರಿದನು; ಆದರೆ ಕಲ್ಲಿನ ಅಂಚನ್ನು ತೀಡಿದ ಕೈ ಅವನದಲ್ಲ. ಶಾಂಬೋರಿನಲ್ಲಿ ಒಂದನ್ನೊಂದು ಬಳಸಿ ಮೇಲೇರುವ ಜೋಡಿ ಮೆಟ್ಟಿಲ ಸಾಲುಗಳಿವೆ. ಒಂದರಲ್ಲಿ ಏರುವವನು ಇನ್ನೊಂದರಲ್ಲಿ ಇಳಿಯುವವನನ್ನು ಎಲ್ಲಿಯೂ ಎದುರುಗೊಳ್ಳುವುದಿಲ್ಲ. ಅದರ ಕಲ್ಲುಗಳನ್ನು ಒಂದೊಂದಾಗಿ ಅಳೆದು ಕಡಿದು ಕೂಡಿಸಿದವರು ಕಲ್ಕುಟಿಗರು. ಆ ಪ್ರಾಂತದ ಬಿಳಿಯ ಮೃದುಶಿಲೆಯನ್ನು ತೂಫೋ ಎನ್ನುತ್ತಾರೆ. ಗುಡ್ಡಗಳ ಮಗ್ಗುಲಿನಿಂದ ಅದನ್ನು ಕಡಿದು ತೆಗೆದುದರಿಂದ ಉಂಟಾದ ಗವಿಗಳಲ್ಲಿ ಬಡಜನರು ತಲೆಮಾರುಗಳ ಕಾಲ ಮನೆಮಾಡಿಕೊಂಡಿದ್ದರು. ಕಲ್ಲು ಅರಮನೆಗೆ ಹೋಯಿತು, ಕಲ್ಲು ಹೋದ ಪೊಳ್ಳು ಬಡವನಿಗೆ ಉಳಿಯಿತು. ನೋಡಬಾರದೆಂದು ಮುಖ ತಿರುಗಿಸಿದರೆ ಅರಸನಿಗೆ ಯಾವ ಶಿಕ್ಷೆಯೂ ಆಗದು. ಹೆಸರಿಲ್ಲದ ಆ ಶಿಲ್ಪಿಗೆ ಉಳಿದಿರುವ ಒಂದೇ ಮನ್ನಣೆಯೂ ಇಲ್ಲದಂತಾಗುವುದು.

ಎರಡನೆಯದು, ಕಟ್ಟಡವೊಂದು ತನ್ನ ಹುಟ್ಟಿಗೆ ಎಂದೆಂದಿಗೂ ಕಟ್ಟುಬಿದ್ದುದಲ್ಲ. ಶನೋನ್ಸೋ ಅರಮನೆಯಿಂದ ಶೇರ್ ನದಿಗೆ ಅಡ್ಡಲಾಗಿ ದಿಯಾನ್ ದ ಪ್ವಾತಿಯೇ ಎಂಬಾಕೆ ಸೇತುವೆಯನ್ನು ಕಟ್ಟಿಸಿದಳು. ರಾಣಿ ಕ್ಯಾಥರೀನ್ ದ ಮೆದಿಚಿಯು ಆಕೆಯಿಂದ ಅರಮನೆಯನ್ನು ಕಿತ್ತುಕೊಂಡು, ಸೇತುವೆಯ ಮೇಲೆ ಔತಣ ನರ್ತನಗಳಿಗಾಗಿ ದೀರ್ಘವಾದ ಶಾಲೆಯನ್ನು ಕಟ್ಟಿಸಿದಳು. ಮತ್ಸರದಲ್ಲಿಯೂ ವಿಲಾಸದಲ್ಲಿಯೂ ಹುಟ್ಟಿದ ಆ ಶಾಲೆಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯಾಯಿತು. ಎರಡು ಸಾವಿರಕ್ಕೂ ಮಿಕ್ಕ ಗಾಯಾಳುಗಳಿಗೆ ಅಲ್ಲಿ ಶುಶ್ರೂಷೆ ನಡೆಯಿತು. 1940ರಲ್ಲಿ ಜರ್ಮನರು ದೇಶವನ್ನು ಇಬ್ಭಾಗಿಸಿದಾಗ ಶೇರ್ ನದಿಯೇ ಗಡಿಯಾಯಿತು. ಅರಮನೆಯ ಮುಂಬಾಗಿಲು ಶತ್ರುವಿನ ಹಿಡಿತದ ದಡದಲ್ಲಿ, ಶಾಲೆಯ ದಕ್ಷಿಣದ ಬಾಗಿಲು ಹಿಡಿತದ ಹೊರಗಿನ ದಡದಲ್ಲಿ. ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಆ ಶಾಲೆಯ ಮೂಲಕ ನದಿಯನ್ನು ದಾಟಿದವರಿದ್ದರು. ಅರವತ್ತು ಮೀಟರಿನ ಆ ನರ್ತನಶಾಲೆಯು ಅವರಿಗೆ ಕಟ್ಟಿಸಿದವಳ ಮನಸ್ಸಿನಲ್ಲಿ ಎಂದೂ ಇಲ್ಲದಿದ್ದ ಉಪಕಾರವನ್ನು ಮಾಡಿತು.

ಆದುದರಿಂದ ಸಿದ್ಧಾಂತವು ಇದು. ನೋಡುವುದು ದೋಷವಲ್ಲ, ತಿಳಿಯದೆ ನೋಡಿ ತೃಪ್ತನಾಗುವುದು ದೋಷ. ಚೆಲುವು ನೋಡುವವನಿಗೆ ಒಂದು ಋಣವನ್ನು ಹೊರಿಸುತ್ತದೆ. ಆ ಋಣವು ತೀರುವುದು ಅಲ್ಲಿ ನಡೆದುದನ್ನು ಅರಿಯುವುದರಿಂದ. ಹೀಗೆ ಅರಿತರೆ ರಸಭಂಗವಾಗದೆ ಎಂದು ಯಾರಾದರೂ ಕೇಳಿದರೆ, ಆಗುತ್ತದೆಯೆಂದೇ ಉತ್ತರ ಕೊಡಬೇಕು. ಆಂಬ್ವಾಜಿನ ಕಂಬಿಗಳ ಕಥೆಯನ್ನು ತಿಳಿದವನಿಗೆ ಅಲ್ಲಿಯ ನದಿಯು ಮೊದಲಿನಷ್ಟು ಹಗುರವಾಗಿ ಹರಿಯದು. ಆದರೆ ಅಜ್ಞಾನದಿಂದ ಮಾತ್ರ ಉಳಿಯತಕ್ಕ ಸುಖವು ಹೋದರೆ ಅದು ಬಲು ದೊಡ್ಡ ನಷ್ಟವೇ?

ಅದೇ ಆಂಬ್ವಾಜಿನಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಜೀರಿಯದ ಅಮೀರ ಅಬ್ದುಲ್ ಕಾದಿರನು ತನ್ನನ್ನು ಪೂರ್ವದೇಶಕ್ಕೆ ಹೋಗಗೊಡುವರೆಂಬ ವಚನವನ್ನು ನಂಬಿ 1847ರಲ್ಲಿ ಫ್ರೆಂಚರಿಗೆ ಶರಣಾದನು. ವಚನವು ಮುರಿಯಿತು, 1848ರಿಂದ 1852ರವರೆಗೆ ಪರಿವಾರಸಹಿತನಾಗಿ ಆ ಅರಮನೆಯಲ್ಲಿ ಸೆರೆಯಿದ್ದನು. ಅವನು ಬಿಡುಗಡೆಯಾಗಿ ಹೊರಟುಹೋದನು. ಅವನೊಡನೆ ಬಂದವರಲ್ಲಿ ಇಪ್ಪತ್ತೈದು ಮಂದಿ ಅಲ್ಲಿಯೇ ಸತ್ತರು. ಉದ್ಯಾನದಲ್ಲಿ ಅವರ ನೆನಪಿಗೆ 2005ರಲ್ಲಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅವು ಎತ್ತರವಾದುವಲ್ಲ, ನದಿಯ ಕಡೆಗೆ ಅವಸರದಿಂದ ಹೋಗುವವನ ಕಣ್ಣಿಗೆ ಬೀಳದೆಯೂ ಇರಬಹುದು. ನದಿಯನ್ನು ನೋಡುವವನು ನೋಡಲಿ. ಅದಕ್ಕೆ ಮೊದಲು ಆ ಕಲ್ಲುಗಳ ಬಳಿ ಒಂದು ಗಳಿಗೆ ನಿಲ್ಲಲಿ. ಅಷ್ಟು ಮಾಡಿದವನ ಸಂತೋಷವನ್ನು ಯಾವ ಧರ್ಮಶಾಸ್ತ್ರವೂ ಆಕ್ಷೇಪಿಸಲಾರದು.