ಹನ್ನೊಂದು ದಿನದ ಲೆಕ್ಕ

ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ನಂದೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಬಾಗಿಲು ಮುಚ್ಚಿದ ಒಂದು ದಾಲ್ ಮಿಲ್ಲಿನ ಗೇಟಿನ ಮುಂದೆ ಒಂದು ಲ್ಯಾಬ್ರಡಾರ್ ಮೂರು ದಿನದಿಂದ ಕೂತಿತ್ತು. ಕೊರಳಲ್ಲಿ ಪಟ್ಟಿ ಇರಲಿಲ್ಲ, ಪಟ್ಟಿ ಇದ್ದ ಗುರುತು ಇತ್ತು. ಎದುರಿನ ಚಹಾ ಅಂಗಡಿಯವನು ಬಿಸ್ಕೀಟು ಹಾಕಿದರೆ ತಿಂದು, ಮತ್ತೆ ರಸ್ತೆ ಕಡೆ ಮುಖ ಮಾಡಿ ಕೂರುತ್ತಿತ್ತು. ಯಾವುದಾದರೂ ಕಾರು ನಿಧಾನ ಮಾಡಿದರೆ ಎದ್ದು ನಿಲ್ಲೋದು. ಕಾರು ಮುಂದೆ ಹೋದರೆ ಕೂರೋದು.

ಕಲಬುರಗಿಯಲ್ಲಿ ಬೀದಿ ಪ್ರಾಣಿಗಳಿಗಾಗಿ ಓಡಾಡೋ ಏಳೆಂಟು ಹುಡುಗರ ಒಂದು ವಾಟ್ಸಾಪ್ ಗುಂಪಿದೆ. ನಾನು ಫೋಟೋ ಹಾಕಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಅಕ್ಕಾ, ನಮ್ಮ ಕಡೆ ಜಾಗ ಇಲ್ರಿ. ಒಂದ್ ಎರಡ್ ವಾರ ನೀವೇ ಇಟ್ಕೋರಿ. ಅಷ್ಟರಾಗ ಯಾರಾದ್ರೂ ದತ್ತು ತಗೋತಾರ."

ಇದನ್ನೇ ಫಾಸ್ಟರ್ ಮಾಡೋದು ಅಂತಾರೆ. ನಾಯಿಗೆ ಕಾಯಂ ಮನೆ ಸಿಗೋವರೆಗೆ ನಿಮ್ಮ ಮನೆ. ಅನ್ನ, ಔಷಧಿ, ವಾಕಿಂಗ್ ಎಲ್ಲಾ ನಿಮ್ಮದು. ನಾಯಿ ಮಾತ್ರ ನಿಮ್ಮದಲ್ಲ. ಆಗ ನನಗೆ ವರ್ಕ್ ಫ್ರಮ್ ಹೋಮ್ ಇತ್ತು, ಬೆಂಗಳೂರು ಬಿಟ್ಟು ಊರಲ್ಲಿದ್ದೆ. ಎರಡು ವಾರ ತಾನೇ ಅಂತ ಒಪ್ಪಿದೆ. ಹದಿನಾಲ್ಕು ವಾರ ಆಯಿತು.

ಮನೆಗೆ ತಂದಾಗ ಅವ್ವ ಬಾಗಿಲಲ್ಲೇ ನಿಂತು ನೋಡಿದಳು. "ಮುದುಕ ನಾಯಿ ತಂದೀಯಲ್ಲವಾ. ಮನಿ ಕಾಯ್ತದೇನು?"

"ಇಲ್ಲವ್ವಾ."

"ಮತ್ತ?"

ಆ 'ಮತ್ತ?'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಅರ್ಧ ಅದಕ್ಕೇ.

ಪಶುವೈದ್ಯರು ಹಲ್ಲು ನೋಡಿ "ಹತ್ತು ವರ್ಷ ಆಗಿರಬೇಕ್ರಿ, ಹೆಚ್ಚೇ ಇದ್ದೀತು" ಅಂದರು. ಲ್ಯಾಬ್ರಡಾರ್‌ಗೆ ಹತ್ತು-ಹನ್ನೆರಡು ಅಂದರೆ ಆಯುಷ್ಯದ ಕೊನೆಯ ಭಾಗ. ಕಣ್ಣಲ್ಲಿ ನೀಲಿ ಮಂಜು ಇತ್ತು, ಅದು ಪೊರೆ ಅಲ್ಲ, ವಯಸ್ಸಾದಾಗ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣೋದು. ಹಿಂಗಾಲಿನ ಕೀಲು ಹಿಡಿದಿದ್ದವು. ಉಣ್ಣಿಯಿಂದ ಬರೋ ಜ್ವರ ಇತ್ತು, 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ. "ಮನುಷ್ಯರ ನೋವಿನ ಗುಳಿಗಿ ಯಾವುದೂ ಕೊಡಬ್ಯಾಡ್ರಿ" ಅಂತ ಎರಡು ಸಲ ಹೇಳಿದರು.

ನಾಯಿ ಸಾಕಿ ಹೀಗೆ ಬಿಟ್ಟು ಹೋಗೋದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ನೀರಡಿಕೆಯಿಂದ ನರಳೋ ಸ್ಥಿತಿಯಲ್ಲಿ ಪ್ರಾಣಿಯನ್ನು ಕೈಬಿಡೋದು ಕ್ರೌರ್ಯ ಅಂತ ಬರೆದಿದೆ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ. ಇಬ್ಬರ ಚಹಾ-ನಾಷ್ಟಾಕ್ಕೂ ಸಾಲದ ದುಡ್ಡು.

ಅವ್ವನ 'ಮತ್ತ?'ಗೆ ಜರ್ಮನಿಯ ತತ್ವಜ್ಞಾನಿ ಕಾಂಟ್ ಹತ್ತಿರ ಒಂದು ಉತ್ತರ ಇದೆ. ಹದಿನೆಂಟನೇ ಶತಮಾನದಲ್ಲಿ ತನ್ನ ನೀತಿಶಾಸ್ತ್ರದ ಪಾಠಗಳಲ್ಲಿ ಆತ ಮುದಿ ನಾಯಿಯ ಉದಾಹರಣೆಯನ್ನೇ ತಗೊಂಡಿದ್ದ. ಬಹಳ ಕಾಲ ನಿಷ್ಠೆಯಿಂದ ದುಡಿದ ನಾಯಿಯನ್ನು ಅದು ಸಾಯೋವರೆಗೆ ನೋಡಿಕೊಳ್ಳಬೇಕು ಅಂತಾನೆ. ಆದರೆ ಆ ಕರ್ತವ್ಯ ನಾಯಿಯ ಕಡೆಗಲ್ಲ, ನಮ್ಮ ಮನುಷ್ಯತ್ವದ ಕಡೆಗೆ. ನಾಯಿಯ ಜೊತೆ ಕಲ್ಲಾದವನು ಮನುಷ್ಯರ ಜೊತೆಗೂ ಕಲ್ಲಾಗ್ತಾನೆ ಅನ್ನೋದು ಅವನ ವಾದ. ಮಾತೇನೋ ಚೆನ್ನಾಗಿದೆ. ಆದರೆ ನನ್ನ ನಾಯಿ ನನಗೆ ಒಂದು ದಿನವೂ ದುಡಿದಿರಲಿಲ್ಲ. ಅದರ ದುಡಿಮೆ, ನಿಷ್ಠೆ, ಹತ್ತು ವರ್ಷದ ಬಾಗಿಲು ಕಾಯುವಿಕೆ ಎಲ್ಲಾ ಬೇರೆ ಯಾರದೋ ಮನೆಗೆ ಸಂದಿದ್ದವು. ಅದಕ್ಕೆ ಬರಬೇಕಾದ ಬಾಕಿ ಇತ್ತು, ಸಾಲಗಾರ ಓಡಿಹೋಗಿದ್ದ.

ಮೂರನೇ ದಿನಕ್ಕೆ ಅವ್ವನೇ ಹೆಸರಿಟ್ಟಳು, ಮುತ್ಯಾ. ನಮ್ಮ ಮನೆಯಲ್ಲಿ ಗಾಣಗಾಪುರದ ದತ್ತನ ಫೋಟೋ ಇದೆ, ಕಾಲ ಬಳಿ ನಾಲ್ಕು ನಾಯಿ. ಮಧ್ಯಾಹ್ನ ಭಿಕ್ಷೆಯ ಹೊತ್ತಿಗೆ ದತ್ತ ಯಾವ ರೂಪದಲ್ಲಾದರೂ ಬಂದಾನು ಅಂತ ನಮ್ಮ ಕಡೆ ನಂಬಿಕೆ. ಮುತ್ಯಾ ಮನೆಗೆ ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅವ್ವನಿಗೆ ಅಷ್ಟು ಸಾಕಾಗಿತ್ತು.

ನೆಲಕ್ಕೆ ಶಹಾಬಾದ್ ಪರಸಿ. ಬಿಸಿಲಿಗೆ ತಂಪು, ಆದರೆ ಹಿಂಗಾಲು ಜಾರುತ್ತಿತ್ತು. ಅವ್ವ ಗೋಣಿತಟ್ಟು ಹಾಸಿದಳು, ಅದರ ಮೇಲೆ ಹಳೆ ಕೌದಿ. ಬೆಳಿಗ್ಗೆ ಜೋಳದ ನುಚ್ಚು, ರಾತ್ರಿ ರೊಟ್ಟಿ ಮುರಿದು ಮಜ್ಜಿಗೆ. ಏಪ್ರಿಲ್‌ನಲ್ಲಿ ಬಿಸಿಲು 42 ದಾಟಿದಾಗ ಬೆಳಿಗ್ಗೆ ಐದಕ್ಕೇ ವಾಕಿಂಗ್, ಎಂಟರ ಮೇಲೆ ಡಾಂಬರಿಗೆ ಕಾಲಿಟ್ಟರೆ ಪಾದ ಸುಡುತ್ತೆ. ನನ್ನ ಮೀಟಿಂಗ್ ನಡೆಯುವಾಗ ಟೇಬಲ್ ಕೆಳಗೆ ಮಲಗಿ ಗೊರಕೆ ಹೊಡೆಯೋನು. ಎದ್ದು ಅಡುಗೆಮನೆಗೆ ಹೋದರೆ ಕಷ್ಟಪಟ್ಟು ತಾನೂ ಎದ್ದು ಹಿಂದೆ ಬರೋನು. ಕಾರು ನಿಧಾನವಾದರೆ ಎದ್ದು ನಿಲ್ಲೋದು ಯಾವಾಗ ನಿಂತಿತೋ ನಾನು ಗಮನಿಸಲೇ ಇಲ್ಲ.

ಮಾತ್ರೆ ಮುಗಿದ ಮೇಲೆ ದತ್ತು ಪೋಸ್ಟ್ ಹಾಕೋ ಹೊತ್ತು ಬಂತು. ಗುಂಪಿನ ಹುಡುಗ ಹೇಳಿದ, "ವಯಸ್ಸು ಏಳು ಅಂತ ಹಾಕ್ರಿ ಅಕ್ಕಾ. ಹತ್ತು ಅಂದ್ರ ಒಬ್ಬರೂ ಫೋನ್ ಮಾಡಂಗಿಲ್ಲ." ಅವನದು ಕೆಟ್ಟ ಮನಸ್ಸಲ್ಲ. ಹತ್ತಾರು ಮುದಿ ನಾಯಿಗಳಿಗೆ ಮನೆ ಸಿಗದೇ ಇದ್ದದ್ದನ್ನ ನೋಡಿದವನು. ನಾನೂ ಲೆಕ್ಕ ಹಾಕಿದೆ: ಸುಳ್ಳಿನಿಂದ ನಾಯಿಗೆ ಮನೆ ಸಿಗುತ್ತೆ. ಕರ್ಕೊಂಡು ಹೋದವರಿಗೆ ಅದರ ಮೇಲೆ ಪ್ರೀತಿ ಹುಟ್ಟುತ್ತೆ. ಪ್ರೀತಿ ಹುಟ್ಟಿದ ಮೇಲೆ ವಯಸ್ಸು ಯಾರು ಕೇಳ್ತಾರೆ? ಏಳು ಅಂತಲೇ ಹಾಕಿದೆ.

ಎರಡೇ ದಿನಕ್ಕೆ ಸಿಟಿಯಿಂದ ಒಂದು ಯುವ ದಂಪತಿ ಫೋನ್ ಮಾಡಿದರು. ಒಂಬತ್ತು ವರ್ಷದ ಮಗಳಿದ್ದಾಳೆ, ವಿಡಿಯೋ ಕಾಲ್‌ನಲ್ಲಿ ಮುತ್ಯಾನ್ನ ನೋಡಿ ಕುಣಿದಳು. ಭಾನುವಾರ ಬರ್ತೀವಿ ಅಂದರು. ಶನಿವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ನಿಜ ಹೇಳಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ದೀಪಾವಳಿಗೆ ಇವಳ ಅಜ್ಜ ತೀರಿಕೊಂಡ್ರು. ಇಷ್ಟು ಬೇಗ ಇನ್ನೊಂದು ಸಾವು ಇವಳಿಗೆ ಬ್ಯಾಡ್ರಿ. ಹೇಳಿದ್ದು ಛಲೋ ಆಯ್ತು" ಅಂದರು.

ನಾನು ವಯಸ್ಸು ಮುಚ್ಚಿಟ್ಟದ್ದು ಒಂದು ಅಂಕಿ ಅಂದುಕೊಂಡಿದ್ದೆ. ಅದು ಅವರ ಮನೆಯ ದುಃಖದ ವಿಷಯ ಆಗಿತ್ತು. ಅದನ್ನು ಅವರೇ ತೂಗಿ ನೋಡಬೇಕಿತ್ತು, ಅವರ ಪರವಾಗಿ ನಾನು ತೂಗಿಬಿಟ್ಟಿದ್ದೆ. ಒಳ್ಳೇ ಕೆಲಸಕ್ಕೆ ಹೇಳೋ ಸುಳ್ಳಿನ ತೊಂದರೆ ಇದೇ: ಎದುರಿನವರ ಮನೆಯೊಳಗೆ ಏನಿದೆ ಅಂತ ನಮಗೆ ಗೊತ್ತಿರಲ್ಲ.

ಪೋಸ್ಟ್ ತಿದ್ದಿದೆ. ವಯಸ್ಸು ಹತ್ತು ಅಥವಾ ಹೆಚ್ಚು, ಕೀಲು ನೋವಿದೆ, ಎಷ್ಟು ದಿನ ಇರ್ತಾನೋ ಹೇಳಕ್ಕಾಗಲ್ಲ. ಆರು ವಾರ ಒಂದೂ ಫೋನ್ ಬರಲಿಲ್ಲ. ಹುಡುಗ ಸರಿಯಾಗೇ ಹೇಳಿದ್ದ.

ಆಮೇಲೆ ಕಮಲಾಪುರದಿಂದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದರು. ಮರಿ ಯಾಕೆ ಬೇಡ ಸರ್ ಅಂತ ಕೇಳಿದೆ. "ನನಗ ಅರವತ್ತೆಂಟ್ರಿ. ಮರಿ ತಂದ್ರ ಅದು ನನಗಿಂತ ಹೆಚ್ಚು ದಿನ ಬದುಕ್ತದ. ನಾ ಹೋದ ಮ್ಯಾಲ ಯಾರ್ ನೋಡ್ತಾರ? ಮಕ್ಕಳು ಪುಣೆದಾಗ ಅದಾರ. ಇದು ನನ್ನ ಜೋಡಿ ಅದ."

ಇಷ್ಟು ಯೋಚಿಸಿ ನಾಯಿ ಕೇಳಿದವರನ್ನ ನಾನು ನೋಡಿಯೇ ಇರಲಿಲ್ಲ. ಖುಷಿ ಆಗಬೇಕಿತ್ತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಅವ್ವ ನೇರವಾಗಿ ಕೇಳಿದಳು, "ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕ ಹೋಗಲಿಲ್ಲ. ನೀ ಇದನ್ನ ಕಮಲಾಪುರಕ್ಕ ಕಳಸ್ತಿಯೇನು?"

ನಗು ಬಂತು, ಆದರೆ ಪ್ರಶ್ನೆ ಹೋಗಲಿಲ್ಲ. ಮಹಾಪ್ರಸ್ಥಾನದಲ್ಲಿ ಆ ನಾಯಿಯನ್ನ ಧರ್ಮರಾಯ ಸಾಕಿದ್ದಲ್ಲ. ಹಸ್ತಿನಾಪುರದಿಂದ ತಾನಾಗಿ ಹಿಂದೆ ಬಂದದ್ದು. ಅವನಿಗೆ ಅದು ಏನೂ ಮಾಡಿಕೊಟ್ಟಿರಲಿಲ್ಲ, ಬರೀ ನಂಬಿ ಬಂದಿತ್ತು. ಇಂದ್ರ ಒಳ್ಳೇ ವಕೀಲನ ಹಾಗೆ ಕೇಳ್ತಾನೆ: ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟು ಬಂದೆಯಲ್ಲ, ನಾಯಿ ಬಿಡೋಕೆ ಏನು? ಧರ್ಮರಾಯ ಹೇಳ್ತಾನೆ: ಅವರು ಸತ್ತ ಮೇಲೆ ಬಿಟ್ಟೆ, ಇದು ಬದುಕಿದೆ. ಕಾಂಟ್‌ಗಿಂತ ಇದು ನನಗೆ ಹತ್ತಿರ ಅನ್ನಿಸುತ್ತೆ. ದುಡಿದದ್ದಕ್ಕೆ ಋಣ ಹೌದು, ನಂಬಿದ್ದಕ್ಕೂ ಋಣ ಇದೆ. ಅವ್ವನ 'ಮತ್ತ?'ಗೆ ನನ್ನ ಉತ್ತರ ಇಷ್ಟೇ.

ಆದರೆ ಹಾಗಿದ್ದರೆ ಫಾಸ್ಟರ್ ಮಾಡೋದೇ ತಪ್ಪಲ್ಲವಾ? ಮೊದಲು ನಂಬಿಸೋದು, ಆಮೇಲೆ ಕೊಟ್ಟುಬಿಡೋದು. ಎರಡು ವಾರ, ಹದಿನಾಲ್ಕು ವಾರ ಅನ್ನೋ ಒಪ್ಪಂದ ನನಗೂ ಆ ಹುಡುಗರಿಗೂ ಗೊತ್ತು. ಮುತ್ಯಾನಿಗೆ ಯಾರೂ ಹೇಳಿರಲಿಲ್ಲ.

ಕೊಡೋದೆಲ್ಲಾ ಬಿಡೋದಲ್ಲ ಅಂತ ಸಮಾಧಾನಕ್ಕೆ ಒಂದು ಕಲ್ಲು ಹುಡುಕಿಕೊಂಡೆ. ನಮ್ಮದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು, ಮಂಡ್ಯ ಜಿಲ್ಲೆಯ ಆತಕೂರು ಶಾಸನ. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. 949ರ ತಕ್ಕೋಲ ಯುದ್ಧ ಗೆದ್ದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ರಾಜನ ನಾಯಿ, ಕಾಳಿ. ಆಮೇಲೆ ಆ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕೈ ಬದಲಾದ ನಾಯಿ ಅದು, ಆದರೂ ಅನಾಥ ಆಗಲಿಲ್ಲ. ತೆಗೆದುಕೊಂಡವನು ಅದನ್ನ ಬೇಕು ಅಂತ ಹೆಸರು ಹಿಡಿದು ಕೇಳಿದ್ದ. ಮಾಸ್ತರರು ಕೇಳಿದ ಹಾಗೆ.

ಮಿಲ್ಲಿನ ಗೇಟಿನ ಮುಂದೆ ಇಳಿಸಿ ಹೋದವನಿಗೂ ನನಗೂ ಇರೋ ವ್ಯತ್ಯಾಸ ಇದಿಷ್ಟೇ ಅನ್ನಿಸುತ್ತೆ: ಅವನು ಬಿಟ್ಟ ಮೇಲೆ ಮುಂದೇನು ಅಂತ ನೋಡಲಿಲ್ಲ.

ಧರ್ಮರಾಯನ ಕಥೆಯನ್ನ ಇನ್ನೊಂದು ಸಲ ಓದಿದೆ. ಅವನು ಬೇಡ ಅಂದದ್ದು ನಾಯಿಯನ್ನ ಕೊಡೋದನ್ನಲ್ಲ, ನಾಯಿಯನ್ನ ಬಿಟ್ಟು ತಾನು ಸ್ವರ್ಗ ಪಡೆಯೋದನ್ನ. ಹಾಗಾದರೆ ಕೇಳಿಕೊಳ್ಳಬೇಕಾದದ್ದು, ಇದರಲ್ಲಿ ಯಾರಿಗೆ ಸ್ವರ್ಗ? ನನ್ನ ಸುಖಕ್ಕೆ ಕೊಟ್ಟರೆ ಅದು ಕೈಬಿಟ್ಟ ಹಾಗೆ. ನನ್ನ ಕಣ್ಣೀರು ತಪ್ಪಿಸಿಕೊಳ್ಳೋಕೆ ಇಟ್ಟುಕೊಂಡರೆ? ಅದೂ ನನ್ನ ಸ್ವರ್ಗವೇ.

ಇಲ್ಲಿ ಒಂದು ವಿಷಯ ಮುಚ್ಚಿಟ್ಟರೆ ಮತ್ತೆ ಏಳು ಅಂತ ಟೈಪ್ ಮಾಡಿದ ಹಾಗಾಗುತ್ತೆ. ಜೂನ್‌ನಿಂದ ಆಫೀಸಿಗೆ ಬನ್ನಿ ಅಂತ ಕಂಪನಿಯಿಂದ ಮೇಲ್ ಬಂದಿತ್ತು. ಬೆಂಗಳೂರಲ್ಲಿ ನನ್ನದು ಲಿಫ್ಟ್ ಇಲ್ಲದ ಮೂರನೇ ಮಹಡಿ. ಅವ್ವನಿಗೆ ಮೂವತ್ತು ಕೆಜಿ ನಾಯಿಯನ್ನ ಎತ್ತಿ ಡಾಕ್ಟರ ಹತ್ತಿರ ಒಯ್ಯೋಕಾಗಲ್ಲ. ಅಂದರೆ ಕೊಡೋದರಲ್ಲಿ ನನ್ನ ಅನುಕೂಲ ಇತ್ತು. ಮುತ್ಯಾನಿಗೆ ಒಳ್ಳೇದು ಅನ್ನೋದೂ ನಿಜ, ನನಗೆ ಅನುಕೂಲ ಅನ್ನೋದೂ ನಿಜ. ಎರಡನ್ನೂ ಬಿಡಿಸಿ ಬೇರೆ ಮಾಡೋಕೆ ನನಗೆ ಇವತ್ತಿಗೂ ಬಂದಿಲ್ಲ.

ಮೇ ಕೊನೆಯ ಭಾನುವಾರ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದೆವು. ಕೆಂಪು ಬಾಳೆಯ ತೋಟದ ಅಂಚಿಗೆ ಮನೆ, ಮೆಟ್ಟಿಲಿಲ್ಲ. ಕೌದಿ, ಮಾತ್ರೆ ಚೀಟಿ, ಲಸಿಕೆ ಕಾರ್ಡು ಕೊಟ್ಟೆ. ಒಂದೇ ಮಾತು ಕೇಳಿಕೊಂಡೆ, ಯಾವಾಗಲಾದರೂ ನಿಮ್ಮ ಕೈಲಾಗದಿದ್ದರೆ ನನಗೆ ಫೋನ್ ಮಾಡಿ, ಬೇರೆ ಯಾರಿಗೂ ಕೊಡಬೇಡಿ. ಮಾಸ್ತರರ ಹೆಂಡತಿ ರೊಟ್ಟಿ ಮುರಿದು ಹಾಕಿದರು. ಅವನು ತಿನ್ನೋವಾಗ ನಾವು ಹೊರಟೆವು. ತಿನ್ನೋವಾಗ ಹೊರಡಿ ಅಂತ ಗುಂಪಿನ ಹುಡುಗರು ಹೇಳಿಕೊಟ್ಟಿದ್ದರು. ಅದೂ ಒಂದು ಸಣ್ಣ ಮೋಸವೇ.

ಜೂನ್ ಮಧ್ಯದಲ್ಲಿ ಮಾಸ್ತರರು ಫೋನ್ ಮಾಡಿದರು. "ಈಗ ಛಲೋ ಅದಾನ್ರಿ. ನನ್ನ ಹೊರಸಿನ ಕೆಳಗ ಮಲಗ್ತಾನ. ಮೊದಲ ಹನ್ನೊಂದು ದಿನ ಮಾತ್ರ ಗೇಟಿನಾಗ ಕೂತಿದ್ದ, ರಸ್ತಾ ನೋಡ್ಕೋತ."

ಅವರು ಹಿತಕ್ಕೆ ಹೇಳಿದ್ದು. ಈಗ ಸರಿಹೋಗಿದ್ದಾನೆ ಅನ್ನೋದು ಅವರ ಸುದ್ದಿ. ನನ್ನ ಕಿವಿಗೆ ಬಿದ್ದದ್ದು ಹನ್ನೊಂದು. ದಾಲ್ ಮಿಲ್ಲಿನ ಮುಂದೆ ಕೂತದ್ದು ಮೂರು ದಿನ, ಅದು ಯಾರದೋ ಲೆಕ್ಕ. ಈ ಹನ್ನೊಂದು ದಿನ ನನ್ನದು. ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಕಮಲಾಪುರಕ್ಕೇ ಕಳಿಸ್ತೀನಿ, ಅದರಲ್ಲಿ ಅನುಮಾನ ಇಲ್ಲ. ಸರಿಯಾದ ಕೆಲಸ ಮಾಡಿದರೆ ಬಾಕಿ ಉಳಿಯಲ್ಲ ಅಂತ ಮೊದಲು ಅಂದುಕೊಂಡಿದ್ದೆ. ಉಳಿಯುತ್ತೆ.

ಮೊನ್ನೆ ಗುಂಪಿನಲ್ಲಿ ಇನ್ನೊಂದು ಫೋಟೋ ಬಂತು. ಅವ್ವ ಫೋನ್ ಮಾಡಿ ಕೇಳಿದಳು, "ಎಷ್ಟ ವರ್ಷದ್ದಂತ? ಖರೇ ವಯಸ್ಸು ಹೇಳು."